ನಾಲ್ಕು ಗೆರೆ

ಸುರಕ್ಷಾ ಸೆಕೆಂಡ್‌ಹ್ಯಾಂಡ್ ತೆಗೆದುಕೊಂಡ ಕಾರು ನಾಲ್ಕು ತಿಂಗಳಲ್ಲಿ ಮೂರನೇ ಸಲ ಬಂಟ್ವಾಳದ ಹೆದ್ದಾರಿ ಬದಿಯ ನಿಝಾರನ ವೀಲ್ ಅಲೈನ್‌ಮೆಂಟ್ ಅಂಗಡಿಗೆ ಬಂದಿತ್ತು. ಮೊದಲೆರಡು ಸಲ ಕೆಲಸದವರೇ ಮುಂದಿನ ಚಕ್ರ ತಿದ್ದಿ ಕಳುಹಿಸಿದ್ದರು. ಈಗ ಹೊಸ ಟಯರುಗಳ ಒಳಬದಿ ತಂತಿ ಕಾಣುವಷ್ಟು ಸವೆದಿತ್ತು. ಹೊರಬದಿ ಇನ್ನೂ ಹೊಸದರಂತೆಯೇ ಇತ್ತು.

"ಸ್ಟೇರಿಂಗ್ ಎಡಕ್ಕೆ ಹಿಡಿದ್ರೆ ಮಾತ್ರ ಇದು ನೇರ ಹೋಗುವುದು, ನಿಝಾರಣ್ಣ. ನಿಮ್ಮ ಮಿಶನನ್ನೇ ಕಣ್ಣಿನ ಡಾಕ್ಟ್ರಿಗೆ ತೋರಿಸ್ಬೇಕಾ ಏನೋ."

"ಮಿಶನ್ ಸರಿ ಉಂಟು ಅಕ್ಕ. ಮುಂದಿನ ಚಕ್ರಕ್ಕೆ ಹಸಿರು ತೋರಿಸ್ತದೆ, ಹಿಂದಿನದ್ದಕ್ಕೆ ಕೆಂಪು. ಹಿಂದೆ ತಿದ್ದಲಿಕ್ಕೆ ಈ ಕಾರಿನಲ್ಲಿ ಆಗುವುದಿಲ್ಲ."

"ಹೇಗಾದ್ರೂ ಮಾಡಿ ಮಾರಾಯ್ರೆ. ನಾಳೆಯಿಂದ ಮಗುವನ್ನು ಹಿಂದೆ ಕೂರಿಸಿಕೊಂಡು ಶಿರ್ತಾಡಿಯಿಂದ ದಿನಾ ಬೆಳ್ತಂಗಡಿಗೆ ಡ್ಯೂಟಿಗೆ ಹೋಗ್ಲಿಕ್ಕುಂಟು."

ನಿಝಾರ್ ಅಂಗಳಕ್ಕೆ ಎರಡು ಕೊಡಪಾನ ನೀರು ಚೆಲ್ಲಿ, ಅದರ ಮೇಲೆ ನಿಧಾನ ನೇರ ಹೋಗಲು ಹೇಳಿದ. ಸರಿಯಿರುವ ಕಾರಿನ ಹಿಂದಿನ ಚಕ್ರ ಮುಂದಿನದರ ಗುರುತನ್ನೇ ತುಳಿಯುತ್ತದೆ. ಎರಡೇ ಗೆರೆ ಬೀಳಬೇಕು. ನೀರಿನಾಚೆಯ ಒಣ ಸಿಮೆಂಟಿನ ಮೇಲೆ ನಾಲ್ಕು ಬಿದ್ದವು. ಮಟಮಟ ಮಧ್ಯಾಹ್ನ, ಕಾಣದ ಇನ್ನೊಂದು ಕಾರು ಮೈಗೆ ಮೈ ತಾಗಿಸಿಕೊಂಡು ಜೊತೆಗೆ ಹೋದ ಹಾಗೆ.

ಅವನು ಕಾರನ್ನು ಮೇಲೆತ್ತಿ ಅಡಿಗೆ ಹೋದ. ಬಾಗಿಲುಗಳ ಕೆಳಗೆ ಕಪ್ಪು ಬಣ್ಣ ಕೆರೆದರೆ, ಈ ಬದಿಯಿಂದ ಆ ಬದಿಯವರೆಗೆ ವೆಲ್ಡಿಂಗ್. ಗುದ್ದಿ ಹಾಳಾದ ಎರಡು ಕಾರುಗಳ ಅರ್ಧರ್ಧವನ್ನು ಯಾರೋ ಸೇರಿಸಿದ್ದರು. ಅಂಥದ್ದನ್ನು ಅವನು ಹಿಂದೆಯೂ ಕಂಡಿದ್ದ. ಟಾರ್ಚನ್ನು ಹಿಂದಿನ ಆಕ್ಸಲಿನ ಬೋಲ್ಟಿಗೆ ಹಿಡಿದಾಗ ಕೈ ನಿಂತಿತು.

ಬೋಲ್ಟಿನ ಮೇಲೆ ಒಂದು ನೇರಳೆ ಗೆರೆ.

ಬಿಗಿ ಮಾಡಿದ ಬೋಲ್ಟಿಗೆ ತಂಗಿ ಜುಲೈಕಾಳ ನೈಲ್ ಪಾಲಿಶಿನಿಂದ ಗೆರೆ ಎಳೆಯುವುದು ಅವನೊಬ್ಬನ ಅಭ್ಯಾಸ. ನೇರಳೆ ಬಣ್ಣ ಹಾಕಿದ್ದು ಒಂದೇ ಕಾರಿಗೆ, ಜುಲೈಕಾಳ ಗಂಡ ಬಾವಾನ ಕಾರಿಗೆ. ಎರಡು ವರ್ಷದ ಹಿಂದೆ ಕಲ್ಲಡ್ಕದ ಹತ್ತಿರ ಅದರ ಮುಂಭಾಗ ಬಾವಾನ ಸಮೇತ ಜಜ್ಜಿಹೋಗಿತ್ತು. ಹಿಂಭಾಗಕ್ಕೆ ಒಂದು ಗೀರೂ ಆಗಿರಲಿಲ್ಲ. ಗುಜರಿಗೆ ಹಾಕಿದವನು ನಿಝಾರನೇ.

"ಆಯ್ತಾ?" ಸುರಕ್ಷಾ ಕೇಳಿದಳು.

"ಇದನ್ನು ನಾನು ಕೆಳಗೆ ಇಳಿಸುವುದಿಲ್ಲ ಅಕ್ಕ."

"ಅದು ಹೇಗೆ? ಕಾರು ನನ್ನದಲ್ವಾ!"

"ಅರ್ಧ ಯಾರದ್ದೋ. ಇನ್ನರ್ಧ ಯಾರದ್ದೂಂತ ನನಗೆ ಗೊತ್ತು. ಬೆಸುಗೆ ನೋಡಿ. ರೋಡಿನ ಒಂದು ಗುಂಡಿ ಸಾಕು, ಎರಡು ತುಂಡಾಗ್ಲಿಕ್ಕೆ."

ಅವಳು ಬಗ್ಗಿ ನೋಡಿದಳು. ಬೆಸುಗೆಗೆ ಬೆರಳು ತಾಗಿಸಿ, "ನಾಳೆ ಬಸ್ಸಿಗೆ ಹೋಗ್ತೇವೆ" ಎಂದಳು.

ಅಂಗಳದಲ್ಲಿ ಮುಂದಿನ ಚಕ್ರದ ಗೆರೆಗಳು ಬಿಸಿಲಿಗೆ ಆರಿದ್ದವು. ಹಿಂದಿನ ಎರಡು ಇನ್ನೂ ಒದ್ದೆಯಾಗಿಯೇ ಇದ್ದವು.