ರೆಕ್ಕೆಯ ಸಂದು

ನಮ್ಮ ಮನೆಯಲ್ಲಿ ಒಂದು ವರ್ಷದಿಂದ ಎಲ್ಲ ತಪ್ಪೂ ಕಿಟ್‌ನದೇ. ಬಿಡಿಭಾಗ ಜೋಡಿಸಿ ಕಟ್ಟುವ ಮಾದರಿ ವಿಮಾನದ ರೆಕ್ಕೆ ಸೊಟ್ಟಗೆ ಕೂತರೆ ಕಿಟ್ ಸರಿಯಿಲ್ಲ, ಅಂಟು ಆಚೆ ಹರಿದರೆ ಪ್ಲಾಸ್ಟಿಕ್ ಸರಿಯಿಲ್ಲ. ನಮ್ಮ ಯಜಮಾನರು ರಘೋತ್ತಮರು ಹೀಗೆ ಗೊಣಗಿದಾಗಲೆಲ್ಲ ನಾನೂ "ಹೌದ್ರಿ, ಎಂಥಾ ಹಾಳು ಕಿಟ್ಟು" ಎಂದು ದನಿಗೂಡಿಸುತ್ತಿದ್ದೆ. ಅವರ ಬೆರಳು ನಡುಗುವುದು ಇಬ್ಬರಿಗೂ ಕಾಣುತ್ತಿತ್ತು. ಆ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಧಾರವಾಡದಿಂದ ವರ್ಗವಾಗಿ ನಾಸಿಕ್‌ಗೆ ಬಂದು, ಅಲ್ಲಿನ ಸಾತಪುರದ ಬ್ಯಾಂಕಿನಲ್ಲೇ ನಿವೃತ್ತರಾದವರು ಅವರು. ರಜೆ ಬಂತೆಂದರೆ ವಿಮಾನ ಕಟ್ಟುವ ಹುಚ್ಚು. ತರುತ್ತಿದ್ದುದು ಅಗ್ಗದ ಕಿಟ್‌ಗಳನ್ನೇ. ಒಂದು ಭಾಗ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಸಂದಿಗೆ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹಚ್ಚಿದರೆಂದರೆ ಎಲ್ಲಿ ಅಂಟಿಸಿದ್ದಾರೆಂದು ಯಾರಿಗೂ ತಿಳಿಯುತ್ತಿರಲಿಲ್ಲ. "ಕಿಟ್ಟು ಚಲೋ ಇದ್ರ ಯಾರು ಬೇಕಾದ್ರೂ ಕಟ್ತಾರ" ಎಂದು ನಗುತ್ತಿದ್ದರು. ಆ ಕೈಗಳ ಬಗ್ಗೆ ಅವರಿಗಿಂತ ನನಗೇ ಹೆಚ್ಚು ಜಂಬ.

ಮಗಳು ರುಚಿತಾ ಇರುವುದು ಸಂಭಾಜಿನಗರದಲ್ಲಿ. ಫೋನಿನಲ್ಲಿ ಅಪ್ಪನ ಗೊಣಗಾಟ ಕೇಳಿ ಕೇಳಿ ನಂಬಿಬಿಟ್ಟಳು. ದೀಪಾವಳಿಗೆ ಬರುವಾಗ ಜಪಾನಿನ ಕಿಟ್ ಹಿಡಿದುಕೊಂಡೇ ಬಂದಳು. ಡಬ್ಬಿ ನೋಡಿದ್ದೇ, ಇನ್ನು ತಪ್ಪನ್ನು ಯಾವುದರ ಮೇಲೆ ಹಾಕುವುದು ಎಂದು ನನಗೆ ದಿಗಿಲಾಯಿತು. ಸಿಟ್ಟೂ ಬಂತು. ಆಸೆಯಿಂದ ತಂದವಳನ್ನು ಏನೆಂದು ಬೈಯಲಿ?

"ಪಪ್ಪಾ, ಬಘಾ, ನೋಡ್ರಿ! ಇದ್ರಾಗ ಗ್ಯಾಪ್ ಬರೂದೇ ಇಲ್ಲ," ಎಂದಳು.

ನಿಜವೇ. ಡಬ್ಬಿಗೆ ಮುಚ್ಚಳ ಕೂತಂತೆ, ಅಂಟಿಲ್ಲದೆಯೇ ರೆಕ್ಕೆ ವಿಮಾನದ ಒಡಲಿಗೆ ಕೂತಿತು. ಯಜಮಾನರು ಮೆಚ್ಚಿ ತಲೆದೂಗಿದರು. ಆಮೇಲೆ ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ ಎತ್ತಿಕೊಂಡರು. ಅಂಟಿನ ಕುಂಚ ನಡುಗಿತು. ಹನಿ ನಟ್ಟನಡುವೆ ಬಿತ್ತು. ಒರೆಸಹೋದರು, ಗಾಜಿನಂತಿದ್ದದ್ದು ಪೂರ್ತಿ ಮಬ್ಬಾಯಿತು.

"ಈ ಕಿಟ್ಟೂ..." ಎಂದು ನಾನು ಬಾಯಿ ತೆರೆದೆ.

"ಬ್ಯಾಡ, ವಸುಧಾ. ಕಿಟ್ಟಿನ ತಪ್ಪೇನಿಲ್ಲ. ಇಂಥಾದ್ದನ್ನ ಯಾರು ಬೇಕಾದ್ರೂ ಕಟ್ತಾರ."

ಕುಂಚ ಇಟ್ಟು, ಎರಡೂ ಕೈಗಳನ್ನು ಮೇಜಿನ ಕೆಳಗೆ ಮಾಡಿಕೊಂಡರು. ರುಚಿತಾಗೆ ಆಗ ತಿಳಿಯಿತು. ಅವಳು ಅಲ್ಲೇ ಅತ್ತಳು, ನಾನು ಅಡುಗೆಮನೆಗೆ ಹೋಗಿ ಅತ್ತೆ.

ಮಗಳು ಊರಿಗೆ ಹೋದ ಮೇಲೆ ಎಷ್ಟೋ ದಿನ ಅವರು ಆ ಮೇಜಿನ ಹತ್ತಿರ ಸುಳಿಯಲಿಲ್ಲ. ಟಿವಿ ಮುಂದೆ ಕೂತಿರುತ್ತಿದ್ದರು, ನೋಡುತ್ತಿರಲಿಲ್ಲ. ಮನೆಯಲ್ಲಿದ್ದ ಮನುಷ್ಯ ಎದ್ದುಹೋದಂತಾಗಿ ನನಗೆ ಭಯವಾಗುತ್ತಿತ್ತು.

ಒಂದು ಮುಂಜಾನೆ ಚಹಾ ಕುಡಿಯುತ್ತ ಅವರೇ ಕೇಳಿದರು: "ಅಟ್ಟದ ಮ್ಯಾಲೆ ಹಳೇದೊಂದು ಅಗ್ಗದ ಕಿಟ್ಟು ಇರಬೇಕಲ್ಲ, ತಗದು ಕೊಡ್ತೀಯೇನು?"

ಸ್ಟೂಲು ಹತ್ತಿ ತೆಗೆದುಕೊಟ್ಟೆ. ರೆಕ್ಕೆಯನ್ನು ಒಡಲಿಗೆ ಹಚ್ಚಿ ಹಿಡಿದರು. ಕೈ ಮೊದಲಿಗಿಂತ ಹೆಚ್ಚೇ ನಡುಗುತ್ತಿತ್ತು. ನಡುವೆ ಉಗುರು ತೂರುವಷ್ಟು ಸಂದು. ಅವರು ತಲೆಯೆತ್ತಿ ನನ್ನನ್ನೇ ನೋಡುತ್ತ ಕಾದರು.

"ಎಂಥಾ ಹಾಳು ಕಿಟ್ಟುರೀ ಇದು," ಎಂದೆ.

"ಭಾಳ ಹಾಳು ನೋಡು," ಎಂದು ಉಜ್ಜುವ ಪಾಲಿಶ್ ಪೇಪರಿನ ಒಂದು ತುಂಡನ್ನು ನನ್ನ ಕೈಗೆ ಕೊಟ್ಟರು.