ಹೆಸ್ಟರ್ ಬೋಲಿಂಗಳ ರೇಷ್ಮೆ ಗೌನು

ಅರ್ಲೀತಾ ಗೇನ್ಸ್ ಉಕ್ಕಿನ ಬಳೆಗಳ ಪಂಜರವೊಂದನ್ನು ಸೊಂಟಕ್ಕೆ ಕಟ್ಟಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಅವಳ ಅಕ್ಕ ಕ್ಲಿಯೋರಾ ಬಾಗಿಲು ತಟ್ಟದೆ ಒಳಗೆ ಬಂದಳು.

"ಇದೇನೇ ಇದು? ಕೋಳಿ ಮುಚ್ಚೋ ಮಂಕರಿನಾ?"

"ಲಂಗದ ಒಳಗೆ ಹಾಕ್ಕೊಳ್ಳೋದು ಅಕ್ಕ. ಇದರ ಮೇಲೆ ಗೌನು ಬರುತ್ತೆ."

"ಯಾರು ಹಾಕ್ಕೊಳ್ತಿದ್ರು ಅಂತ ನಂಗೆ ಗೊತ್ತು. ನಮ್ಮ ಕರಿಯರನ್ನ ಗುಲಾಮರು ಅಂತ ಹರಾಜಿಗೆ ನಿಲ್ಲಿಸಿ ಜಗಲಿ ಮೇಲೆ ಬೀಸಣಿಗೆ ಬೀಸ್ಕೋತಾ ಕೂತಿದ್ರಲ್ಲ, ಆ ಬಿಳಿ ಹೆಂಗಸರು. ಅರವತ್ತು ದಾಟಿದ ಮೇಲೆ ನಿಂಗೆ ಅವರ ವೇಷ ಬೇಕಾಯ್ತಾ? ಅಮ್ಮ ಇದ್ದಿದ್ರೆ ಪೊರಕೆ ತಗೊಳ್ತಿದ್ಳು."

ವರ್ಜೀನಿಯಾದ ನಮ್ಮ ಊರಿನಲ್ಲಿ ಪ್ರತಿ ಅಕ್ಟೋಬರಿಗೆ ಹೊಳೆಯಂಚಿನ ಬಯಲಲ್ಲಿ ೧೮೬೦ರ ದಶಕದ ಅಮೆರಿಕದ ಅಂತರ್ಯುದ್ಧದ ಕಾಳಗವನ್ನು ಮತ್ತೆ ಆಡಿ ತೋರಿಸುತ್ತಾರೆ. ಗಂಡಸರು ಕೋವಿ ಹಿಡಿಯುತ್ತಾರೆ, ಹೆಂಗಸರು ಆ ಕಾಲದ ಗೌನು ತೊಟ್ಟು ಡೇರೆಗಳ ನಡುವೆ ಓಡಾಡುತ್ತಾರೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಅರ್ಲೀತಾಳಿಗೆ ಅದರ ಗೊಡವೆ ಎಂದೂ ಇರಲಿಲ್ಲ. ಆದರೆ ಆ ವರ್ಷ ಮಾರ್ಚಿನಲ್ಲಿ ಗ್ರಂಥಾಲಯದ ಹಳೆಯ ಪತ್ರಿಕೆಗಳಲ್ಲಿ ೧೮೫೯ರ ಒಂದು ಜಾಹೀರಾತು ಅವಳ ಕಣ್ಣಿಗೆ ಬಿತ್ತು: "ಹೆಸ್ಟರ್ ಬೋಲಿಂಗ್, ಸ್ವತಂತ್ರ ಕರಿಯ ಹೆಂಗಸು. ಹೊಸ ಮಾದರಿಯ ಗೌನುಗಳನ್ನು ಹೊಲಿದು ಕೊಡಲಾಗುವುದು. ವಾಟರ್ ಬೀದಿ, ಜೀನುಗಾರನ ಅಂಗಡಿಯ ಪಕ್ಕ." ಹೆಸ್ಟರ್ ಅವಳ ಅಜ್ಜಿಯ ಅಜ್ಜಿ; ಗುಲಾಮಗಿರಿ ಇನ್ನೂ ಇದ್ದ ಕಾಲದಲ್ಲಿ ಯಾರ ಸೊತ್ತೂ ಆಗಿರದ ಹೆಂಗಸು.

ಹೆಸ್ಟರಳಾಗಿ ವೇಷ ಕಟ್ಟಿ ಬರುತ್ತೇನೆಂದು ಅರ್ಲೀತಾ ಕಾಳಗದ ಆಟ ನಡೆಸುವ ಸಮಿತಿಗೆ ಬರೆದಳು. ಉಡುಪು ತಪಾಸಣೆಯ ಮುಖ್ಯಸ್ಥೆ, ಬಿಳಿಯಳಾದ ವಿನೋನಾ ಹೋಲ್ಕಂಬ್ ಉತ್ತರಿಸಿದಳು: "ಬಟ್ಟೆ ಒಗೆಯುವವರ ಡೇರೆಗೆ ಜನ ಸಾಲದು. ಹತ್ತಿಯ ಲಂಗ, ಏಪ್ರನ್ ಸಾಕು. ಸಂತೋಷದಿಂದ ಸ್ವಾಗತ."

ಆ ಕಾಗದ ಓದಿದ ದಿನವೇ ಅರ್ಲೀತಾ ಕಡುಹಸಿರು ರೇಷ್ಮೆ ತರಿಸಿದಳು.

ಐದು ತಿಂಗಳು ಹೊಲಿದಳು. ಕೈಹೊಲಿಗೆಯಲ್ಲದ ಗೌನನ್ನು ತಪಾಸಣೆಯಲ್ಲಿ ಒಪ್ಪುತ್ತಿರಲಿಲ್ಲವೆಂದು ಮಷಿನ್ನಿಗೆ ಕೈ ಹಚ್ಚಲಿಲ್ಲ. ಐದು ಗಜ ಸುತ್ತಳತೆಯ ಲಂಗವನ್ನು ಬೆರಳಗಲದ ನೆರಿಗೆಗಳಾಗಿ ಹಿಡಿದು ಸೊಂಟಪಟ್ಟಿಗೆ ಕೂಡಿಸಿದಳು. ಕುಪ್ಪಸ ಬೆನ್ನಲ್ಲಿ ಎಳೆಯುತ್ತಿದೆಯೆಂದು ಮೂರು ಸಲ ಬಿಚ್ಚಿದಳು. ಕ್ಲಿಯೋರಾ ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು; ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಎಲ್ಲರೆದುರು "ನಮ್ಮ ದೊರೆಸಾನಿ ಬಂದ್ಳು, ದಾರಿ ಬಿಡ್ರಪ್ಪ" ಎಂದು ನಗಿಸಿದಳು. ಅರ್ಲೀತಾ ಮೂರು ವಾರ ಅಕ್ಕನ ಫೋನ್ ಎತ್ತಲಿಲ್ಲ.

ಆದರೆ ಆ ಗೌನು ತೊಟ್ಟರೆ ಅವಳ ಪುಟ್ಟ ಕಾರಿನಲ್ಲಿ ಕೂರುವಂತಿರಲಿಲ್ಲ. ವ್ಯಾನು ಇದ್ದದ್ದು ಕ್ಲಿಯೋರಾಳಲ್ಲಿ. ಅಕ್ಟೋಬರಿನ ಕಾಳಗದ ದಿನ ಅವಳು ಹಿಂದಿನ ಸೀಟು ಕಳಚಿ, ತಂಗಿಯನ್ನು ಹತ್ತಿಸಿಕೊಂಡು, ದಾರಿಯುದ್ದಕ್ಕೂ ಬಯ್ಯುತ್ತ ಬಂದಳು.

ಬಯಲಿನ ಪ್ರವೇಶಕ್ಕೆ ಅಡ್ಡ ಕಟ್ಟಿದ ಹಗ್ಗದ ಬಳಿ ವಿನೋನಾ ಗುಲಾಬಿ ಗೌನಿನಲ್ಲಿ ನಿಂತಿದ್ದಳು. ಅರ್ಲೀತಾಳನ್ನು ಮೇಲಿಂದ ಕೆಳಗೆ ನೋಡಿದಳು. ಬಗ್ಗಿ ಲಂಗದ ಅಂಚು ಎತ್ತಿದಳು, ತೋಳಿನ ಒಳಮೈ ತಿರುಗಿಸಿದಳು. ಒಂದು ಮಷಿನ್ ಹೊಲಿಗೆಯೂ ಸಿಗಲಿಲ್ಲ.

"ಹೊಲಿಗೆ ಚೆನ್ನಾಗಿದೆ. ಆದ್ರೆ ನೋಡೋಕೆ ಬಂದ ಜನಕ್ಕೆ ಗೊಂದಲ ಆಗುತ್ತೆ."

"ಏನು ಗೊಂದಲ?"

"ನಿಮಗೇ ಗೊತ್ತಲ್ಲ. ಆ ಕಾಲ ಹಾಗಿರ್ಲಿಲ್ಲ."

ಅರ್ಲೀತಾ ಜಾಹೀರಾತಿನ ಪ್ರತಿ ಮುಂದೆ ಹಿಡಿದಳು. ವಿನೋನಾ ಓದಿ ಮಡಚಿ ಹಿಂದಕ್ಕೆ ಕೊಟ್ಟಳು.

"ಇದರಲ್ಲಿ ಹೊಲಿದು ಕೊಡ್ತಾಳೆ ಅಂತಿದೆ. ತಾನು ಹಾಕ್ಕೊಳ್ತಿದ್ಳು ಅಂತಿಲ್ಲ."

ವ್ಯಾನಿಗೆ ಒರಗಿ ನಿಂತಿದ್ದ ಕ್ಲಿಯೋರಾ ಅಲ್ಲಿಂದಲೇ ಕೂಗಿದಳು: "ಮತ್ತೆ ಊರಿಗೆಲ್ಲ ಹೊಲಿದು ಕೊಟ್ಟು ತಾನು ಬೆತ್ತಲೆ ತಿರುಗ್ತಿದ್ಳೇನಮ್ಮ?"

ಸಾಲಿನಲ್ಲಿದ್ದವರು ನಕ್ಕರು. ವಿನೋನಾಳ ಕುತ್ತಿಗೆಯವರೆಗೂ ಕೆಂಪೇರಿತು. "ಏಪ್ರನ್ ಇದೆ, ಕೊಡ್ತೀನಿ. ಇಲ್ಲಾಂದ್ರೆ ಮನೆಗೆ ಹೋಗಿ."

ಅರ್ಲೀತಾ ಹಗ್ಗ ದಾಟಿದಳು. ವಿನೋನಾ ಹಿಂದಿನಿಂದ ಲಂಗ ಹಿಡಿದು ಜಗ್ಗಿದಳು. ಪಟಪಟನೆ ಸದ್ದಾಯಿತು. ಸೊಂಟದ ಬಳಿ ಗೇಣುದ್ದ ನೆರಿಗೆ ಕಿತ್ತು ಜೋತಿತು.

ವಿನೋನಾ ಕೈ ಹಿಂದಕ್ಕೆಳೆದುಕೊಂಡಳು, ಕ್ಷಮೆ ಮಾತ್ರ ಕೇಳಲಿಲ್ಲ. ಅರ್ಲೀತಾ ಚೀಲದಿಂದ ಸೂಜಿ ತೆಗೆದು ದಾರ ಪೋಣಿಸಿ ಅವಳ ಮುಂದೆ ಹಿಡಿದಳು.

"ಹರಿದೋರು ನೀವು. ಹೊಲೀರಿ."

"ನಂಗೆ ಹೊಲಿಯೋಕೆ ಬರಲ್ಲ," ಎಂದಳು ವಿನೋನಾ ತಗ್ಗಿದ ದನಿಯಲ್ಲಿ. ಹನ್ನೆರಡು ವರ್ಷದಿಂದ ಊರ ಹೆಂಗಸರ ಹೊಲಿಗೆಯಲ್ಲಿ ಹುಳುಕು ಹುಡುಕುತ್ತಿದ್ದವಳು! ಹಿಂದೆ ಯಾರೋ "ಅಯ್ಯೋ" ಎಂದದ್ದು ಎಲ್ಲರಿಗೂ ಕೇಳಿಸಿತು.

ಅರ್ಲೀತಾ ಹಗ್ಗದ ಒಳಗಿನ ಬೆಂಚಿನ ಮೇಲೆ ಕೂತು ನೆರಿಗೆಗಳನ್ನು ತಾನೇ ಕೂಡಿಸಿಕೊಂಡಳು. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಅವಳನ್ನು ಎಬ್ಬಿಸಲು ಯಾರೂ ಮುಂದೆ ಬರಲಿಲ್ಲ. ಆ ದಿನವಿಡೀ ಯಾವ ಡೇರೆಯಿಂದಲೂ ಒಂದು ಲೋಟ ನಿಂಬೆ ಪಾನಕಕ್ಕೆ ಕರೆಯೂ ಬರಲಿಲ್ಲ.

ಮರುವರ್ಷ ಫೆಬ್ರವರಿಯಲ್ಲಿ ಸಮಿತಿಯಿಂದ ಹೊಸ ನಿಯಮ ಬಂತು: ಪಾತ್ರಧಾರಿಗಳು ತೊಡುವ ಉಡುಪನ್ನು ಪಾತ್ರದ ಆ ವ್ಯಕ್ತಿ ತನ್ನ ಕಾಲದಲ್ಲಿ ನಿಜಕ್ಕೂ ತೊಟ್ಟಿದ್ದಕ್ಕೆ ಲಿಖಿತ ಆಧಾರ ಬೇಕು. ನಿಯಮ ಎಲ್ಲರಿಗೂ ಅಂತಿತ್ತು. ಕಾಗದ ಬಂದದ್ದು ಅರ್ಲೀತಾಳ ಮನೆಗೊಂದಕ್ಕೇ.

"ಬಿಟ್ಟಾಕು ಅತ್ಲಾಗೆ," ಎಂದಳು ಕ್ಲಿಯೋರಾ. "ಅವರು ಕೊಡೋ ಸರ್ಟಿಫಿಕೇಟು ಯಾರಿಗೆ ಬೇಕು?"

"ನೀನು ವ್ಯಾನು ತೆಗಿ."

ಇಬ್ಬರೂ ಜಿಲ್ಲಾ ನ್ಯಾಯಾಲಯದ ನೆಲಮಾಳಿಗೆಯಲ್ಲಿ ಹಳೆಯ ದಾಖಲೆ ಕೆದಕುತ್ತ ಆರು ದಿನ ಧೂಳು ಕುಡಿದರು. ಸ್ವತಂತ್ರ ಕರಿಯರ ದಾಖಲೆ ಪುಸ್ತಕದಲ್ಲಿ ಮೊದಲು ಹೆಸ್ಟರ್ ಸಿಕ್ಕಳು: ಐದಡಿ ಎರಡಂಗುಲ ಎತ್ತರ, ಎಡ ಹೆಬ್ಬೆರಳ ಮೇಲೆ ಕತ್ತರಿಯ ಕಲೆ. ಆರನೆಯ ದಿನ ಕ್ಲಿಯೋರಾ ೧೮೬೦ರ ಒಂದು ದೂರನ್ನು ಬೆರಳಿಟ್ಟು ಓದತೊಡಗಿದಳು. ಕೊಟ್ಟವಳು ಊರಿನ ಒಬ್ಬ ವಕೀಲನ ಹೆಂಡತಿ. ಹೆಸ್ಟರ್ ಬೋಲಿಂಗ್ ಎಂಬ ಕರಿಯ ದರ್ಜಿ ತನ್ನದಕ್ಕಿಂತ ಅಗಲವಾದ ಬಳೆಲಂಗದ ರೇಷ್ಮೆ ಗೌನು ತೊಟ್ಟು ಚರ್ಚಿಗೆ ಹೋಗುತ್ತಾಳೆ, ಕಾಲುದಾರಿಯಲ್ಲಿ ತನಗೆ ಜಾಗ ಬಿಡುವುದಿಲ್ಲ, ಹೇಳಿದರೆ ನಗುತ್ತಾಳೆ. ಕೆಳಗೆ ಹೆಸ್ಟರಳಿಗೆ ದಂಡ ಹಾಕಿದ್ದರ ಷರಾ ಇತ್ತು.

ಕ್ಲಿಯೋರಾ ಕನ್ನಡಕ ತೆಗೆದಳು.

"ದಂಡ ಹಾಕಿದ್ರಂತೆ, ಬೋಳಿಮಕ್ಕಳು," ಎಂದಳು. "ಎರಡು ಪ್ರತಿ ತೆಗೆಸು. ಒಂದು ನಂಗೆ."

ದೂರಿನ ಪ್ರತಿ ಸಮಿತಿಗೆ ಹೋಯಿತು; ಅನುಮತಿ ಪತ್ರ ಜೂನಿನಲ್ಲಿ ಬಂತು, ವಿನೋನಾಳ ಸಹಿ ಇಲ್ಲದೆ. ಅಕ್ಟೋಬರಿನಲ್ಲಿ ಅರ್ಲೀತಾ ಅದೇ ಹಸಿರು ಗೌನು ತೊಟ್ಟು ಆಕ್ರೋಟದ ಮರದ ಕೆಳಗೆ ಹೆಸ್ಟರಳ ಹೊಲಿಗೆಯ ಮೇಜು ಹಾಕಿದಾಗ ಪಕ್ಕದ ಎರಡು ಡೇರೆಯವರು ಗೂಟ ಕಿತ್ತು ಬಯಲಿನ ಆ ತುದಿಗೆ ಹೋದರು. ಅವಳು ನೋಡುತ್ತ ನಿಂತಳು. ಆಮೇಲೆ ಮೇಜನ್ನು ತೆರವಾದ ನೆರಳಿಗೆ ಸರಿಸಿ, ಬಟ್ಟೆ ಹಾಸಿ ಕತ್ತರಿ ಹಿಡಿದಳು.