ಒಂಬತ್ತನೇ ಗೆರೆ

“ಲೇ ಮುತ್ತ, ಗೆರೆ ಎಳ್ಯಾಕ ಕರ್ಸುದ್ರ ನನ್ ಮಗಳ್ನೇ ಇಂದಕ್ಕಾಕಿದ್ದೀಯಲ್ಲ ಬೋಳಿಮಗ್ನೆ. ಉಳ್ದೋರೆಲ್ಲ ಮುಂದ, ಇವ್ಳೊಬ್ಳೇ ಇಂದ?”

ಬಗ್ಗಿದ್ದ ಮುತ್ತಯ್ಯ ಎದ್ದು ನಿಂತ. ಕೈಯಲ್ಲಿ ತೂತು ಹೊಡೆದ ಡಬ್ಬ, ಮೊಣಕಾಲವರೆಗೂ ಸುಣ್ಣ. ಬೈದವನು ಪ್ರಭುಸ್ವಾಮಿ, ಹೋಬಳಿ ಕ್ರೀಡಾಕೂಟದ ಅಧ್ಯಕ್ಷ, ಈ ಬಯಲು ಬಿಟ್ಟುಕೊಟ್ಟ ದಾನಿ. ಮಗಳು ಮಾಲಿನಿ ಹೊಸ ಬೂಟು ತೊಟ್ಟು ಒಳಗಿನ ಗೆರೆಯಲ್ಲಿ ನಿಂತಿದ್ದಳು.

“ಒರಗಡ ಸುತ್ತು ಉದ್ದ, ಬುದ್ಧಿ. ಆ ಕೂಸ್ಗಳ್ನ ಮುಂದ ನಿಲ್ಸುದ್ರೇ ಎಲ್ರಿಗೂ ಸಮ.”

“ನೋಡ್ರಲಾ, ಇವ್ನು ನಂಗ ಸಮ ಯೋಳ್ಕೊಡಾಕ ಬಂದ.”

ಸುತ್ತ ಇದ್ದವರು ನಕ್ಕರು.

ಅರವತ್ತು ದಾಟಿದರೂ ಓಟ ಬಿಡದ ಮುದುಕ ಮುತ್ತಯ್ಯ. ಹರೆಯದಲ್ಲಿ ಜಿಲ್ಲೆಗೇ ಮೊದಲು ಬಂದು, ಬಹುಮಾನದ ಲೋಟವನ್ನು, ಕೊಡುವವರ ಕೈ ತನಗೆ ತಾಕದ ಹಾಗೆ, ಮೇಲಿನಿಂದ ಕೈಗೆ ಹಾಕಿಸಿಕೊಂಡು ಬಂದವನು. ಈಗಲೂ ಬೆಳಕು ಹರಿಯುತ್ತಲೇ ಕೇರಿಯ ಮಕ್ಕಳನ್ನು ಕಟ್ಟಿಕೊಂಡು, ಕಬ್ಬಿನ ಟ್ರಾಕ್ಟರುಗಳಿಗೆ ದಾರಿ ಬಿಡುತ್ತಾ ಕುಂತೂರು ರಸ್ತೆಯಲ್ಲಿ ಓಡುತ್ತಾನೆ. ಆ ಮಕ್ಕಳಲ್ಲೆಲ್ಲ ದೀಪಳದೇ ಒಂದು ಕೈ ಮೇಲು. ಹೋದ ವರ್ಷ ಶಾಲೆಯಲ್ಲಿ ಮಾಲಿನಿಯನ್ನು ಸೋಲಿಸಿದ್ದಳು. ಇವತ್ತು ಗೆದ್ದರೆ ಜಿಲ್ಲೆಗೆ, ಅಲ್ಲೂ ಗೆದ್ದರೆ ಕ್ರೀಡಾ ಹಾಸ್ಟೆಲ್ಲು, ಮೂರು ಹೊತ್ತು ಊಟ. ಮುದುಕನ ಆಸೆ ಅಷ್ಟೇ.

ದೀಪ ಬರಿಗಾಲಲ್ಲಿ ಬಂದಳು. “ತಾತ, ಚೀಟೀಲಿ ನನ್ನೆಸ್ರೇ ಇಲ್ಲ.”

ಮುತ್ತಯ್ಯ ಡ್ರಿಲ್ ಮಾಸ್ತರು ಶಾಂತರಾಜುವಿನ ಮುಂದೆ ಕೈಮುಗಿದ. “ಸಾ, ನಮ್ ಕೂಸಿನ್ ಎಸ್ರು?”

“ಆಜರಿ ಸಾಲ್ದು ಮುತ್ತಯ್ಯ. ಅವ್ರವ್ವನ್ ಜೊತ ಕಬ್ ಕಡ್ಯಾಕ ಓಗಿದ್ಲಲ್ಲ.”

“ಯಾರ್ ಗದ್ದಗ ಓಗಿದ್ಲು ಕೇಳಿ ಸಾ. ಇದೇ ಬುದ್ಧಿಯೋರ್ ಗದ್ದಗ. ಆಳ್ ಸಾಲ್ದು ಅಂತ ಅವ್ರೇ ಕರ್ಕಂಡೋದ್ರು.”

ಪ್ರಭುಸ್ವಾಮಿ ನಿಂತಲ್ಲಿಂದಲೇ ಹೇಳಿದ, “ಎಂಟ್ ಗೆರೆ, ಎಂಟ್ ಜನ. ಮುಗೀತು. ಓಡ್ಲೇಬೇಕು ಅಂದ್ರ ಆಚ ಓಡ್ಲಿ, ಬ್ಯಾಡ ಅಂದೋರ್ಯಾರು?”

ಕೇಳುವವರು ಯಾರು? ಮುತ್ತಯ್ಯ ಉಳಿದ ಸುಣ್ಣವನ್ನು ಡಬ್ಬಕ್ಕೆ ಸುರಿದುಕೊಂಡು, ಎಂಟನೇ ಗೆರೆಯ ಆಚೆ ನೆಗ್ಗಿಲು ಮುಳ್ಳಿನ ಮೇಲೆ ಇನ್ನೊಂದು ಸುತ್ತು ಎಳೆದ. ಹೆಜ್ಜೆಯಲ್ಲಿ ಅಳೆದು ದೀಪಳನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ. ನ್ಯಾಯಕ್ಕಿಂತ ಒಂದು ಗೇಣೂ ಹೆಚ್ಚು ಕೊಡಲಿಲ್ಲ.

“ಮುಳ್ ಅದ ತಾತ.”

“ಇರ್ಲಿ ಮಗ. ಕೆಳಕ್ ನೋಡ್ಬ್ಯಾಡ.”

ಮಾಸ್ತರು ಸೀಟಿ ಊದಿದರು. ಮುಂದೆ ನಿಂತ ಅಂತರ ಕಳೆದರೂ ಅರ್ಧ ಸುತ್ತಿಗೆಲ್ಲ ದೀಪಳೇ ಮುಂದೆ. ಬೇಲಿಯಾಚೆ ನಿಂತ ಕೇರಿಯ ಹೆಂಗಸರು ಅವಳ ಹೆಸರು ಹಿಡಿದು ಕೂಗತೊಡಗಿದರು. ಪ್ರಭುಸ್ವಾಮಿ ತನ್ನ ಕಾರಿನ ಡ್ರೈವರಿಗೆ ಕಣ್ಸನ್ನೆ ಮಾಡಿದ. ಕರಿ ಕಾರು ನಿಧಾನಕ್ಕೆ ಬಂದು, ಒಂಬತ್ತನೇ ಗೆರೆಗೆ ಮೂತಿ ಅಡ್ಡ ಹಾಕಿ ನಿಂತಿತು.

ಓಡಿ ಬಂದ ದೀಪ ಎರಡೂ ಕೈ ಬಾನೆಟ್ಟಿಗೆ ಊರಿ ನಿಂತುಬಿಟ್ಟಳು. ಪಕ್ಕದ ಗೆರೆಗಳಲ್ಲಿ ಹುಡುಗಿಯರು ಒಬ್ಬೊಬ್ಬರೇ ದಾಟಿ ಹೋದರು. ಮಾಲಿನಿಯೂ ಒಮ್ಮೆ ತಿರುಗಿ ನೋಡಿ ಹೋದಳು. ಚಪ್ಪಾಳೆ ಬಿತ್ತು.

ಮುತ್ತಯ್ಯನಿಗೆ ಅಳು ಬಂತು. ಅಳುತ್ತಲೇ ಡಬ್ಬ ಎತ್ತಿಕೊಂಡು ಕಾರಿನ ಹತ್ತಿರ ಬಂದ.

“ಗೆರೆ ತುಂಡಾಗ್ಬುಟ್ಟದ ಬುದ್ಧಿ. ಸೇರುಸ್ತೀನಿ.”

ಬಾನೆಟ್ಟಿನ ಮೇಲೆ ಈಚೆಯಿಂದ ಆಚೆಗೆ ಸುಣ್ಣ ಉದುರಿಸತೊಡಗಿದ. ಡ್ರೈವರು ಇಳಿದು ಬಂದು ಕೊರಳಪಟ್ಟಿ ಹಿಡಿದ. ಮುತ್ತಯ್ಯನ ಕೈ ನಿಲ್ಲಲಿಲ್ಲ. ಆ ಗೆರೆ ಹಿಡಿದೇ ಹತ್ತಿ ದಾಟಲು ದೀಪ, ಮುಳ್ಳು ಚುಚ್ಚಿ ನೆತ್ತರು ಸೋರುತ್ತಿದ್ದ ಬಲಗಾಲನ್ನು ಎತ್ತಿ, ಕಾರಿನ ಚಕ್ರದ ಮೇಲಿಟ್ಟಳು.